ಅಡ್ಡಹೆಸರಿನ ಊರು

ಇಬ್ಬರಿಗೆ ರೊಟ್ಟಿ ಮಾಡುವುದಕ್ಕಿಂತ ಒಬ್ಬರಿಗೆ ಮಾಡುವುದು ಕಷ್ಟದ ಕೆಲಸ. ಒಂಟಿಯಾಗಿ ಬದುಕಿದವರು ಇದನ್ನು ಒಪ್ಪುತ್ತಾರೆ, ತುಂಬಿದ ಮನೆಯವರು ನಗುತ್ತಾರೆ. ಜೋಳದ ಹಿಟ್ಟಿಗೆ ಅದರದೇ ಒಂದು ಹಟವಿದೆ; ಬಿಸಿನೀರು ಹೊಯ್ದು ನಾದುವಾಗ ಅಂಗೈ ತುಂಬ ಸಿಕ್ಕರೆ ಮಾತ್ರ ಮಣಿಯುತ್ತದೆ. ಒಂದು ಹಿಡಿ ಹಿಟ್ಟನ್ನು ಪರಾತದಲ್ಲಿ ಹಾಕಿಕೊಂಡು ಕೂತರೆ ಅದು ಬೆರಳಿಗೆ ಅಂಟುತ್ತದೆ, ಅಂಚಿಗೆ ಓಡುತ್ತದೆ, ಎಷ್ಟು ನಾದಿದರೂ ಹದಕ್ಕೆ ಬರುವುದಿಲ್ಲ. ಹಂಚು ಚೆನ್ನಾಗಿ ಕಾಯುವಷ್ಟರಲ್ಲಿ ಅಡುಗೆಯೇ ಮುಗಿದಿರುತ್ತದೆ. ಅವ್ವ ತೀರಿಕೊಂಡ ಮೇಲೆ ಜಮಖಂಡಿಯ ಈ ಬಾಡಿಗೆ ಮನೆಯಲ್ಲಿ ನಾನು ವರುಷಗಟ್ಟಲೆ ಹೀಗೆ ಎರಡು ರೊಟ್ಟಿಯ ಸಂಸಾರ ಮಾಡಿಕೊಂಡು ಬಂದಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ದಿನವೆಲ್ಲ ಮಾತಾಡಿ ದಣಿದ ಬಾಯಿಗೆ ಸಂಜೆಯ ಮೌನ ಹಿತವಾಗಿರುತ್ತಿತ್ತು. ನಿವೃತ್ತಿಯಾದ ಮೇಲೆ ಮುಂಜಾನೆಯಿಂದಲೇ ಸಂಜೆಯಾಗತೊಡಗಿತು.

ಹೀಗಿರುವಾಗ ಹೋದ ಬೇಸಿಗೆಯಲ್ಲಿ ನನ್ನ ಹಂಚಿನ ಮುಂದೆ ಇನ್ನೊಬ್ಬಳು ಬಂದು ಕೂತಳು. ಹೆಸರು ಹೆಲ್ಮಿ. ಅಮೆರಿಕದ ಉತ್ತರದ ಅಂಚಿನಲ್ಲಿ, ಸಮುದ್ರದಷ್ಟು ದೊಡ್ಡ ಸರೋವರವೊಂದರ ದಂಡೆಯ ಮೇಲಿನ ಸಣ್ಣ ಪಟ್ಟಣದವಳು. ನನ್ನದೇ ವಯಸ್ಸು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮನೆಯಲ್ಲೊಂದು ಮಗ್ಗ ಇಟ್ಟುಕೊಂಡು ಹಳೆಯ ಬಟ್ಟೆಗಳನ್ನು ಪಟ್ಟಿಪಟ್ಟಿಯಾಗಿ ಹರಿದು ಜಮಖಾನ ನೇಯುತ್ತಿದ್ದಳು. ಜಮಖಾನ ನೇಯುವವಳು ಜಮಖಂಡಿಗೆ ಬಂದಳಲ್ಲ ಎಂದು ನಾನು ನಕ್ಕೆ. ಆ ನಗೆಯ ಅರ್ಥ ಬಿಡಿಸಿ ಹೇಳಲು ಹೋಗಿ ಬಹಳ ಹೊತ್ತು ಹಿಡಿಯಿತು, ಹೇಳಿ ಮುಗಿಸಿದ ಮೇಲೆ ಇಬ್ಬರಿಗೂ ನಗು ಬರಲಿಲ್ಲ. ರಬಕವಿಯಲ್ಲಿ ಸೀರೆಯಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನಿನ ಮೂಲಕ ಆಕೆಯ ಪರಿಚಯವಾಗಿತ್ತು. ಕೈಮಗ್ಗದ ಸೀರೆಗೆ ಅಂಚು ನೇಯುವುದನ್ನು ನೋಡಿ ಕಲಿಯಬೇಕೆಂದು ಆಕೆ ಹೊರಟು ನಿಂತಾಗ ಆ ಹುಡುಗಿ ನೇರ ನನ್ನ ಮನೆಗೆ ಬಂದಳು. ‘ಬಾಯಾರ, ನಿಮ್ಮ ಮನ್ಯಾಗ ಇಟಗೊಳ್ರಿ. ಇಂಗ್ಲೀಷ ಮಾತಾಡಾಕ ಇಲ್ಲಿ ಮತ್ಯಾರ ಅದಾರ? ನಿಮಗೂ ಒಂದ ಜೋಡ ಆಗತೈತಿ’ ಎಂದಳು. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ. ನಿವೃತ್ತಿಯಾದ ಮೇಲೂ ಕಳಚಿಕೊಳ್ಳದೆ ಉಳಿದದ್ದು ನನಗೆ ಅದೊಂದೇ.

ಹೆಲ್ಮಿ ಬಂದದ್ದು ಸುಡುಬಿಸಿಲಿನ ದಿನಗಳಲ್ಲಿ. ಕಬ್ಬಿನ ಗಾಡಿಗಳ ಓಡಾಟ ನಿಂತು ರಸ್ತೆಗಳು ಬಿಕೋ ಎನ್ನುವ ಕಾಲ. ಮನೆಯೊಳಗೆ ಕೂಲರಿನ ಮುಂದೆ ಕೂತು ಬೆವರೊರೆಸಿಕೊಳ್ಳುತ್ತ ಆಕೆ ತನ್ನ ಜನರ ದೊಡ್ಡ ಸಂಪ್ರದಾಯವೆಂದರೆ ಕಟ್ಟಿಗೆಯ ಕೋಣೆಯೊಂದನ್ನು ಚೆನ್ನಾಗಿ ಕಾಯಿಸಿ ಅದರೊಳಗೆ ಕೂತು ಬೆವರುವುದು ಎಂದು ಹೇಳಿದಳು. ನಮ್ಮಲ್ಲಿ ಅದಕ್ಕೆ ಕೋಣೆ ಬೇಕಾಗಿಲ್ಲ ಎಂದೆ. ಅಂದು ಮಾತ್ರ ಇಬ್ಬರೂ ಕೂಡಿ ನಕ್ಕೆವು. ಆ ನಗು ಅಡಗಿದ ಮೇಲೆ ನನಗೆ ಹೊಳೆಯಿತು: ಆಕೆ ‘ನನ್ನ ಜನ’ ಎಂದದ್ದು ಅಮೆರಿಕದವರನ್ನಲ್ಲ.

ಇದು ಇನ್ನಷ್ಟು ಸ್ಪಷ್ಟವಾದದ್ದು ಬನಹಟ್ಟಿಯಲ್ಲಿ. ವಿದ್ಯುತ್ ಮಗ್ಗಗಳ ಸದ್ದು ಇಡೀ ಓಣಿಯನ್ನು ಹಿಡಿದು ಅಲುಗಿಸುತ್ತಿರುವಾಗ, ಆ ಓಣಿಯ ತುದಿಯ ಮನೆಯೊಂದರಲ್ಲಿ ಪಾರವ್ವ ಎಂಬಾಕೆ ಇನ್ನೂ ಕೈಮಗ್ಗ ನಡೆಸುತ್ತಾಳೆ. ನಾವು ಬೆಳಿಗ್ಗೆಯ ಬಸ್ಸಿಗೆ ಹೋಗಿ ಅವಳ ಮಗ್ಗದ ಪಕ್ಕ ಕೂರುತ್ತಿದ್ದೆವು. ಹೆಲ್ಮಿ ನೋಡುವುದು, ನಾನು ಇಬ್ಬರ ಮಾತನ್ನೂ ಆಚೆ ಈಚೆ ದಾಟಿಸುವುದು. ಮೊದಲ ದಿನವೇ ಪಾರವ್ವ ಲಾಳಿ ಹಿಡಿದ ಕೈ ನಿಲ್ಲಿಸಿ ಕೇಳಿದಳು.

‘ಯಾವೂರಾಕಿರಿ ಈಕಿ?’

ನಾನು ಹೆಲ್ಮಿಯನ್ನು ಕೇಳಿದೆ. ತಾನು ಫಿನ್‌ಲ್ಯಾಂಡಿನವಳು ಎಂದಳು.

‘ಫಿನ್‌ಲ್ಯಾಂಡ್ ಅಂತ ಒಂದ ದೇಶ ಐತಿ ಪಾರವ್ವ, ಅಲ್ಲೀಕಿ ಅಂತ.’

‘ಅಮೆರಿಕಾದಾಕಿ ಅಂದಿದ್ರಲ್ರೀ? ಅಲ್ಲಿ ಹುಟ್ಟಿ ಅಮೆರಿಕಾಕ ಹೋಗ್ಯಾಳೇನು?’

‘ಇಲ್ಲ, ಅಮೆರಿಕದಾಗ ಹುಟ್ಟಿದಾಕಿ.’

‘ಹಂಗಾದ್ರ ಈಕಿ ಅವ್ವ?’

‘ಆಕೀನೂ ಅಮೆರಿಕದಾಗ. ಅವ್ವನ ಅವ್ವ ಸಣ್ಣಾಕಿದ್ದಾಗ ಹಡಗಿನ್ಯಾಗ ಬಂದಿದ್ಲಂತ.’

‘ಆ ದೇಶದ ಮಾತ ಬರತೈತೇನು?’

ಬೆರಳೆಣಿಕೆಯಷ್ಟು ಶಬ್ದ ಬರುತ್ತವೆ, ಅವುಗಳಲ್ಲಿ ಅರ್ಧ ತಿನ್ನುವ ಪದಾರ್ಥಗಳು ಎಂದು ಹೆಲ್ಮಿ ಪ್ರಾಮಾಣಿಕವಾಗಿಯೇ ಹೇಳಿದಳು. ಪಾರವ್ವ ನನ್ನ ಮುಖವನ್ನೂ ಆಕೆಯ ಮುಖವನ್ನೂ ನೋಡಿ, ‘ಮತ್ತ ಹೆಂಗ ಆ ಊರಾಕಿ ಆದ್ಲು?’ ಎಂದಳು.

ನಾನದನ್ನು ಆದಷ್ಟು ಮೆತ್ತಗೆ ಮಾಡಿ ಇಂಗ್ಲಿಷಿಗೆ ದಾಟಿಸಿದೆ. ಹೆಲ್ಮಿ ಮಗ್ಗದ ಮೇಲಿನ ಕೆಂಪು ಅಂಚನ್ನು ಬೆರಳಿನಿಂದ ಸವರುತ್ತ ಕೂತಳು. ಮಾತು ತಪ್ಪಿತೇನೋ ಎಂದುಕೊಂಡ ಪಾರವ್ವ ನನ್ನತ್ತ ತಿರುಗಿದಳು.

‘ನಿಮ್ದ್ಯಾವೂರ್ರೀ ಬಾಯಾರ?’

‘ಜಮಖಂಡಿ.’

‘ಜಮಖಂಡಿ ಇರೂದು. ನಾ ಕೇಳಿದ್ದು ಊರು.’

‘ಬೀಳಗಿ ಕಡೆ’ ಎಂದೆ.

ನೋಡಿ, ಪಾರವ್ವನ ಆ ಎರಡು ಶಬ್ದಗಳ ನಡುವೆ ಎಷ್ಟು ದೂರವಿದೆ! ಇರುವುದು ಒಂದು, ಊರು ಇನ್ನೊಂದು. ಇರುವುದಕ್ಕೆ ಬಾಡಿಗೆಯ ಮನೆ ಸಾಕು, ವಿದ್ಯುತ್ತಿನ ಮೀಟರು ಸಾಕು. ಊರು ಎನ್ನಲು ಸತ್ತವರು ಬೇಕು. ಇದನ್ನು ನಮ್ಮ ಸೀಮೆಯ ಅಡ್ಡಹೆಸರುಗಳು ಎಷ್ಟು ಚೆನ್ನಾಗಿ ಹೇಳುತ್ತವೆಂಬುದು ಅಂದು ಬಸ್ಸಿನಲ್ಲಿ ಬರುವಾಗ ನನಗೆ ಹೊಳೆಯಿತು. ಬೀಳಗಿ ಎಂಬ ಅಡ್ಡಹೆಸರಿನವರನ್ನು ಹುಡುಕಿಕೊಂಡು ನೀವು ಬೀಳಗಿಗೆ ಹೋದರೆ ಬರಿಗೈಲಿ ಬರುತ್ತೀರಿ. ಅವರು ಹುಬ್ಬಳ್ಳಿಯಲ್ಲೋ ಸೊಲ್ಲಾಪುರದಲ್ಲೋ ಸಿಗುತ್ತಾರೆ. ಮುಧೋಳದಲ್ಲಿ ನಿಂತವನನ್ನು ಮುಧೋಳ ಎಂದು ಕರೆಯುವ ಅಗತ್ಯ ಯಾರಿಗಿದೆ? ಬಿಟ್ಟು ಹೋದವನಿಗೆ ಮಾತ್ರ ಊರು ತನ್ನ ಹೆಸರು ಕೊಡುತ್ತದೆ, ಬೀಳ್ಕೊಡುವಾಗ ಉಡಿ ತುಂಬಿದ ಹಾಗೆ. ನಮ್ಮ ಮನೆತನಕ್ಕೂ ಹಾಗೆಯೇ ಆಯಿತು. ಕೃಷ್ಣಾ ನದಿಯ ದಂಡೆಯ ಹೊಳಿಹಾಳದಲ್ಲಿ ಇದ್ದಷ್ಟು ದಿನ ನಾವು ಗಿರಣಿಯವರು; ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಾನು ಓದಲೆಂದು ಜಮಖಂಡಿಗೆ ಬಂದಾಗ ಕಾಲೇಜಿನವರು ಅಡ್ಡಹೆಸರು ಕೇಳಿದರು, ಹೊಳಿಹಾಳ ಎಂದು ಬರೆಸಿದೆ. ಅದೇ ನಿಂತಿತು. ಮುಂದೆ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಏರಿ ಬಂದು ಊರೇ ಮುಳುಗಿತು. ಈಗ ಆ ಊರು ನನ್ನ ಹೆಸರಿನ ಬಾಲದಲ್ಲಲ್ಲದೆ ಬೇರೆಲ್ಲೂ ಇಲ್ಲ.

ಅಮೆರಿಕ ಎಂಬುದು ಊರು ಬಿಟ್ಟವರೇ ಕೂಡಿ ಕಟ್ಟಿಕೊಂಡ ದೇಶ ಎಂದು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೆ, ಪುಸ್ತಕದಲ್ಲಿತ್ತು ಎಂದು ಹೇಳಿದ್ದೆ. ಇಡೀ ದೇಶಕ್ಕೆ ದೇಶವೇ ಅಡ್ಡಹೆಸರು ಹೊತ್ತು ತಿರುಗುತ್ತಿದೆ ಎಂಬುದು ಹೆಲ್ಮಿ ಬರುವ ತನಕ ತಿಳಿದಿರಲಿಲ್ಲ. ಆಕೆಯ ಓಣಿಯಲ್ಲಿ ಒಬ್ಬ ತಾನು ಇಟಲಿಯವನು ಎನ್ನುತ್ತಾನಂತೆ, ಇನ್ನೊಬ್ಬ ಐರ್ಲೆಂಡಿನವನಂತೆ, ಮತ್ತೊಬ್ಬಳು ಪೋಲೆಂಡಿನವಳಂತೆ. ಯಾರೂ ಆ ದೇಶಗಳಲ್ಲಿ ಒಂದು ಮಳೆಗಾಲ ಕಳೆದವರಲ್ಲ. ಮೊದಲು ಬಂದವರು ಬಾಯಿಕಟ್ಟಿ ದುಡಿದರು, ಅವರ ಮಕ್ಕಳು ಮನೆಯ ಮಾತಿಗೆ ನಾಚಿ ಇಂಗ್ಲಿಷ್ ಕಲಿತರು, ಮೊಮ್ಮಕ್ಕಳಿಗೆ ಉಳಿದದ್ದು ಒಂದು ಬಗೆಯ ರೊಟ್ಟಿ, ಒಂದು ಹಬ್ಬ, ಮತ್ತು ಯಾರಾದರೂ ಕೇಳಿದರೆ ಹೇಳಲು ಒಂದು ಹೆಸರು. ಬರೀ ಅಮೆರಿಕದವಳು ಎಂದರೆ ತಾನು ಅಂಗಡಿಯ ಕಪಾಟಿನಿಂದ ಇಳಿದು ಬಂದಂತೆ ಅನಿಸುತ್ತದೆ ಎಂದಳು ಹೆಲ್ಮಿ.

ನನಗೆ ಒಳಗೊಳಗೇ ಸ್ವಲ್ಪ ಅಸಮಾಧಾನವೂ ಆಗದಿರಲಿಲ್ಲ. ಏಕೆಂದರೆ ಅದೇ ಪ್ರಶ್ನೆ ನಮ್ಮಲ್ಲಿ ಅಷ್ಟು ಹಗುರವಾದದ್ದಲ್ಲ. ‘ಯಾವೂರು’ ಎಂದ ಮೇಲೆ ‘ಯಾರ ಪೈಕಿ’ ಎಂದು ಕೇಳುತ್ತಾರೆ. ಕೇಳಿದವರಿಗೆ ಬೇಕಾಗಿರುವುದು ನಮ್ಮ ಅಜ್ಜಿಯ ಹಾಡಲ್ಲ, ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಬೇಕೋ ಕಟ್ಟೆಯ ಮೇಲೆಯೇ ಮಾತಾಡಿಸಿ ಕಳಿಸಬೇಕೋ ಎಂಬ ತೀರ್ಮಾನ. ಹೆಲ್ಮಿಯ ಪರಂಪರೆ ಹಬ್ಬಕ್ಕೆ ತೆಗೆದು ಉಟ್ಟು ಮತ್ತೆ ಮಡಚಿ ಇಡುವ ಸೀರೆ. ನಮ್ಮದು ಕಳಚಲು ಬಾರದ ಚರ್ಮ. ಇದನ್ನು ಆಕೆಗೆ ಹೇಳಿದೆ. ಆಕೆ, ತನ್ನ ದೇಶದಲ್ಲೂ ಚರ್ಮದ ಮೇಲೆಯೇ ಎಲ್ಲವನ್ನೂ ಬರೆದುಕೊಂಡು ಹುಟ್ಟಿದವರಿದ್ದಾರೆ, ಅವರ ಹಿರಿಯರನ್ನು ಗುಲಾಮರಾಗಿ ಕಟ್ಟಿ ತಂದವರು ಊರಿನ ಹೆಸರನ್ನು ಮಾತ್ರ ಜೊತೆಗೆ ತರಲು ಬಿಡಲಿಲ್ಲ ಎಂದಳು. ಹಾಗಾದರೆ ತನ್ನದು ಎಂದು ಹೇಳಿಕೊಳ್ಳುವ ಊರಿರುವುದೂ ಒಂದು ಐಶ್ವರ್ಯವೇ, ಎಲ್ಲರಿಗೂ ದಕ್ಕದ್ದು.

ಪಾರವ್ವನ ಪ್ರಶ್ನೆಗೆ ಉತ್ತರ ಬಂದದ್ದು ಕೆಲವು ದಿನಗಳ ಮೇಲೆ. ಅಂದು ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಿದ್ದವು. ಆ ಅಪರೂಪದ ನಿಶ್ಶಬ್ದದಲ್ಲಿ ಪಾರವ್ವನ ಲಾಳಿಯ ಸಪ್ಪಳವೊಂದೇ ಆಡುತ್ತಿತ್ತು. ಹೆಲ್ಮಿ ಯಾರೂ ಕೇಳದೆಯೇ ಮಾತಾಡಲು ಸುರುಮಾಡಿದಳು, ನಾನು ವಾಕ್ಯದ ಹಿಂದೆ ವಾಕ್ಯ ದಾಟಿಸುತ್ತ ಹೋದೆ.

ಆಕೆಯ ಅಜ್ಜಿ ಮನೆಯಲ್ಲಿ ಒಂದು ದಿನವೂ ತನ್ನ ಭಾಷೆ ಆಡಿದವಳಲ್ಲ. ಮಕ್ಕಳು ಶಾಲೆಯಲ್ಲಿ ನಗೆಪಾಟಲಾಗಬಾರದೆಂದು ತಾನೇ ಬಾಯಿಗೆ ಬೀಗ ಹಾಕಿಕೊಂಡವಳು. ಒಡಕು ಇಂಗ್ಲಿಷಿನಲ್ಲೇ ಸಂಸಾರ ತೂಗಿಸಿದಳು. ಕಡೆಗಾಲದಲ್ಲಿ ಹಾಸಿಗೆ ಹಿಡಿದಾಗ ಆ ಇಂಗ್ಲಿಷು ಅವಳನ್ನು ಬಿಟ್ಟುಹೋಯಿತು. ಬಾಲ್ಯದ ಮಾತೊಂದೇ ಉಳಿಯಿತು. ಆಗ ಹೆಲ್ಮಿ ಕಾಲೇಜು ಓದುವ ಹುಡುಗಿ, ಅಜ್ಜಿಯ ಪಕ್ಕದಲ್ಲಿ ಕೂತವಳು ಆಕೆಯೇ. ಅಜ್ಜಿ ಆಕೆಯ ಕೈ ಹಿಡಿದುಕೊಂಡು ಏನನ್ನೋ ಕೇಳಿದಳು. ಮತ್ತೆ ಕೇಳಿದಳು. ಅದೇ ಮಾತು, ಅದೇ ದನಿ, ಕೊನೆಯಲ್ಲಿ ಪ್ರಶ್ನೆಯ ಹಾಗೆ ಏರುವ ಅದೇ ರಾಗ. ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿಯ ಸ್ವಂತ ಮಗಳಿಗೂ ಅರ್ಥವಾಗಲಿಲ್ಲ.

ಪಾರವ್ವನ ಕೈ ನಿಂತಿತು. ‘ನೀರ ಕೇಳಿರಬೇಕ್ರಿ. ಹೋಗೂ ಮುಂದ ನೀರ ಕೇಳತಾರ.’

ನೀರು ಕೊಟ್ಟೆವು, ಮುಖ ತಿರುಗಿಸಿದಳು ಎಂದಳು ಹೆಲ್ಮಿ.

‘ಹಂಗಾರ ಯಾರನರೆ ಕೇಳಿರಬೇಕು’ ಎಂದು ಪಾರವ್ವ ತನಗೆ ತಾನೇ ಹೇಳಿಕೊಂಡಳು. ‘ಅವ್ವನ್ನೋ, ತಮ್ಮನ್ನೋ... ಯಾವ ಊರ ಬಿಟ್ಟ ಬಂದಿತ್ತೋ ಆ ಜೀವ.’

ಅಜ್ಜಿ ಸತ್ತ ಮೇಲೆ ಆ ದನಿಯನ್ನು ನೆನಪಿನಲ್ಲಿಟ್ಟುಕೊಂಡು ಆ ಭಾಷೆ ಬಲ್ಲವರ ಮುಂದೆ ಆಡಿ ತೋರಿಸಿದಳಂತೆ ಹೆಲ್ಮಿ. ಯಾರಿಗೂ ಅದು ಮಾತಾಗಿ ಕೇಳಿಸಲಿಲ್ಲ. ಮುಂದೆ ನಡುವಯಸ್ಸಿನಲ್ಲಿ ಹಣ ಕೂಡಿಸಿಕೊಂಡು ಫಿನ್‌ಲ್ಯಾಂಡಿಗೂ ಹೋದಳು. ಅಜ್ಜಿಯ ಮನೆ ಈಗ ಯಾರದೋ ಬೇಸಿಗೆಯ ಬಿಡಾರವಾಗಿತ್ತು. ಆ ಮನೆಯವರು ಮೆಟ್ಟಿಲ ಮೇಲೆ ಕೂಡಿಸಿ ಕಾಫಿ ಕೊಟ್ಟು, ಅಮೆರಿಕದಿಂದ ಬಂದಿರಾ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಕೇಳಿದರು. ಫಿನ್‌ಲ್ಯಾಂಡಿನಲ್ಲಿ ಅಮೆರಿಕದವಳು, ಅಮೆರಿಕದಲ್ಲಿ ಫಿನ್‌ಲ್ಯಾಂಡಿನವಳು. ‘ನಾನು ಆ ಊರಿನವಳು ಎಂದು ನಂಬಿ ಹೇಳುವುದಲ್ಲ,’ ಎಂದಳು ಹೆಲ್ಮಿ, ‘ಅಜ್ಜಿ ಕೇಳಿದ್ದಕ್ಕೆ ಓಗೊಡಲು ಒಬ್ಬರಾದರೂ ಇರಲಿ ಎಂದು ಹೇಳುತ್ತೇನೆ.’ ಅದನ್ನೂ ಕನ್ನಡಕ್ಕೆ ದಾಟಿಸಿದೆ. ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಖರೇ ಐತಿ, ಆಕಿ ಆ ಊರಾಕೀನ’ ಎಂದು ತೀರ್ಪು ಕೊಟ್ಟಳು. ಅಷ್ಟರಲ್ಲಿ ಕರೆಂಟು ಬಂದು ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಎದ್ದವು.

ಅಂದು ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದಾಗ ಹೆಲ್ಮಿ ಕೇಳಿದಳು, ನಿನ್ನ ಊರು ಎಲ್ಲಿದೆ? ನೀರಿನಡಿಯಲ್ಲಿ ಎಂದೆ. ನೋಡಲು ಬರುವುದಿಲ್ಲವೇ? ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಂದಿಷ್ಟು ಕಾಣುತ್ತದಂತೆ ಎಂದೆ. ಕಾಣುತ್ತದಂತೆ ಎಂದರೆ, ನೀನು ನೋಡಿಲ್ಲವೇ? ನೋಡಿರಲಿಲ್ಲ. ಊರು ಬಿಟ್ಟ ಮೇಲೆ ಅಪ್ಪ ಜಮಖಂಡಿಯ ಈ ಪಡಸಾಲೆಯಲ್ಲಿ ಗಿರಣಿಯ ಸದ್ದಿಲ್ಲದೆ ನಿದ್ದೆ ಬಾರದೆ ಹೊರಳಾಡಿ ಹೊರಳಾಡಿ ಬೇಗನೆ ತೀರಿಕೊಂಡರು. ನನ್ನ ತಮ್ಮ ಮದುವೆಯಾಗುವ ಮೊದಲೇ ಕಾಮಾಲೆಯಾಗಿ ಹೋದ. ಅವ್ವ ಇರುವ ತನಕ ನಾವಿಬ್ಬರೂ ಊರಿನ ಮಾತಾಡುತ್ತಿದ್ದೆವು. ಮಸಬಿನ ಹೊಲ, ಕುರುಬರ ಬೇವು, ಕಲ್ಲಗಿಂಡಿ ಎಂದರೆ ಇಬ್ಬರ ಕಣ್ಣಿಗೂ ಒಂದೇ ಜಾಗ ಕಾಣುತ್ತಿತ್ತು. ಅವ್ವನ ನಂತರ ಆ ಹೆಸರುಗಳನ್ನು ನಾನು ಬಾಯಿಂದ ಆಡಿಲ್ಲ. ಹೆಲ್ಮಿಯ ಅಜ್ಜಿಗೆ ಮಾತಿತ್ತು, ತಿಳಿಯುವವರಿರಲಿಲ್ಲ. ನನ್ನದೂ ಅದೇ ಕಥೆ ಎಂದು ಹಂಚಿನ ಮೇಲಿನ ರೊಟ್ಟಿ ತಿರುವುತ್ತ ನನಗೆ ಅನಿಸಿತು, ನಾನಿನ್ನೂ ಹಾಸಿಗೆ ಹಿಡಿದಿಲ್ಲ ಅಷ್ಟೇ.

ಹೋಗೋಣ ಎಂದಳು ಹೆಲ್ಮಿ. ಹೋದೆವು.

ಬೀಳಗಿಯ ತನಕ ಬಸ್ಸು, ಅಲ್ಲಿಂದ ಹೊಳೆಯ ದಂಡೆಗೆ ಆಟೋ. ಮುಳುಗಿದ ಊರುಗಳವರಿಗೆಂದು ಕಟ್ಟಿದ ಹೊಸ ಊರುಗಳನ್ನು ದಾಟಿ ಇಳಿಜಾರಿಗೆ ಬಂದಾಗ ನೀರು ಎಷ್ಟೋ ದೂರಕ್ಕೆ ಸರಿದುಹೋಗಿತ್ತು. ಅದು ಬಿಟ್ಟುಹೋದ ಜಾಗವೆಲ್ಲ ಒಣಗಿ ಬಿರಿದ ರಾಡಿ, ಕಪ್ಪೆಚಿಪ್ಪು, ಕರಿಯಾಗಿ ನಿಂತ ಮರದ ಬೊಡ್ಡೆಗಳು. ಅಲ್ಲಲ್ಲಿ ಮೊಣಕಾಲುದ್ದದ ಕಲ್ಲಿನ ಗೋಡೆಗಳು. ನಾನು ಕಣ್ಣುಮುಚ್ಚಿ ನಡೆಯಬಲ್ಲೆನೆಂದುಕೊಂಡಿದ್ದ ಊರಿನಲ್ಲಿ ದಾರಿ ತಪ್ಪಿ ನಿಂತೆ. ಯಾವುದು ಓಣಿ, ಯಾವುದು ಮನೆ ಒಂದೂ ತಿಳಿಯಲಿಲ್ಲ. ನೀರು ಎಲ್ಲರ ಮನೆಗಳನ್ನೂ ಸಮಮಾಡಿ ಒಂದೇ ಬಣ್ಣ ಬಳಿದಿತ್ತು.

ಸ್ವಲ್ಪ ಆಚೆ, ನೀರಿಳಿದ ನೆಲದಲ್ಲಿ ಯಾರೋ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದರು. ಗೋಣಿಚೀಲದ ನೆರಳಿನಲ್ಲಿ ಕೂತಿದ್ದ ಮುದುಕನೊಬ್ಬ ನಮ್ಮನ್ನು, ಅದರಲ್ಲೂ ಹೆಲ್ಮಿಯ ಅಗಲವಾದ ಟೋಪಿಯನ್ನು ನೋಡಿ ಎದ್ದು ನಿಂತ.

‘ಸರ್ಕಾರದವರೇನ್ರಿ?’

‘ಅಲ್ರಿ. ಊರ ನೋಡಾಕ ಬಂದೇವಿ.’

‘ಯಾವ ಊರು?’

‘ಇದ. ಹೊಳಿಹಾಳ.’

ಮುದುಕ ನಕ್ಕ. ‘ಛಲೋ ಊರ ಹುಡುಕ್ಕೊಂಡ ಬಂದ್ರಿ. ಯಾರ ಪೈಕಿ ನೀವು?’

ಆ ಪ್ರಶ್ನೆಗೆ ಉತ್ತರಿಸದೆ ನಾನು, ‘ಇಲ್ಲಿ ಗಿರಣಿಯವರ ಮನಿ ಎಲ್ಲಿತ್ತು?’ ಎಂದು ಕೇಳಿದೆ.

‘ಗಿರಣಿಯವರದಾ? ಅಲ್ಲಿ ಕರೀ ಬೊಡ್ಡಿ ಕಾಣತೈತಲ್ರಿ, ಅದರ ಹಿಂದ. ಆದ್ರ ಆ ಪೈಕಿ ಈಗ ಯಾರೂ ಉಳದಿಲ್ಲ. ಯಜಮಾನ ಹ್ವಾದ, ಮಗ ಹ್ವಾದ, ಮುದುಕಿ ಜಮಖಂಡ್ಯಾಗ ತೀರ್ಕೊಂಡ್ಲಂತ ಸುದ್ದಿ ಬಂತು. ಮುಗದ್ಹೋತ್ರಿ ಆ ಮನೆತನ.’

ಅವನ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ನಮ್ಮಲ್ಲಿ ಮನೆತನ ಎಣಿಸುವಾಗ ಹೆಣ್ಣುಮಕ್ಕಳನ್ನು ಬಿಟ್ಟೇ ಎಣಿಸುತ್ತಾರೆ. ಆದರೆ ತಾನು ಇಲ್ಲವಾದ ಸುದ್ದಿಯನ್ನು ತನ್ನದೇ ಮನೆಯ ಎದುರಿಗೆ ನಿಂತು ಕೇಳುವುದು ಎಲ್ಲರ ಪಾಲಿಗೂ ಬರುವಂಥದ್ದಲ್ಲ. ಏನು ಹೇಳುತ್ತಿದ್ದಾನೆ ಎಂದು ಹೆಲ್ಮಿ ನನ್ನ ತೋಳು ಹಿಡಿದು ಕೇಳಿದಳು. ನಮ್ಮ ಮನೆಯವರು ಯಾರೂ ಉಳಿದಿಲ್ಲವಂತೆ ಎಂದೆ. ಆಕೆ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಆಮೇಲೆ ಪಾರವ್ವನ ಮನೆಯಲ್ಲಿ ಕಿವಿಗೆ ಬಿದ್ದ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, ನನ್ನ ಎದೆಗೆ ಬೆರಳು ಮಾಡಿ ಜೋರಾಗಿ ಕೂಗಿದಳು:

‘ಈಕಿ! ಈಕಿ ಅದಾಳ!’

ಮುದುಕ ಬೆಚ್ಚಿಬಿದ್ದ. ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ‘ಹೌದ್ರಿ,’ ಎಂದೆ, ‘ನಾ ಅವರ ಮಗಳು. ಸುಶೀಲಾ.’

ಅವನು ತಲೆಗೆ ಸುತ್ತಿದ ಟವೆಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ‘ಸುಶೀಲವ್ವಾರಾ? ಎರಡ ಜಡಿ ಹಾಕ್ಕೊಂಡು ಬೀಳಗಿ ಸಾಲಿಗೆ ಹೋಗತಿದ್ರಲ್ಲ, ಅವರಾ? ನಾ ಬಾಳಪ್ಪರಿ. ಆಚೀ ಕೇರಿಯಾವ.’ ಅವನು ಯಾವ ಕೇರಿ ಎಂದು ಹೇಳಲಿಲ್ಲ, ನನಗೆ ತಿಳಿಯಿತು. ನಮ್ಮ ಮನೆಯಲ್ಲಿ ಅವನನ್ನು ಬಾಳ್ಯಾ ಎಂದು ಕೂಗುತ್ತಿದ್ದದ್ದೂ ನೆನಪಾಯಿತು. ಅವನೇ ಮುಂದೆ ನಡೆದು ನಮ್ಮ ಮನೆಯ ಜಾಗ ತೋರಿಸಿದ. ಗಿರಣಿಯ ಯಂತ್ರವನ್ನು ಕೂಡಿಸಿದ್ದ ಕಲ್ಲಿನ ಕಟ್ಟೆ ಮಾತ್ರ ಉಳಿದಿತ್ತು. ಅದರ ಮೇಲೆ ಕೈಯಿಟ್ಟು ಅವನು ಹೇಳಿದ:

‘ಇಲ್ಲಿಂದ ಅಗೋ ಆ ಮೂಲೀತನ ಪಾಳಿ ಹಚ್ಚತಿದ್ರು, ಅಕ್ಕಾರ. ನಮ್ಮ ಕೇರಿಯವರ ಬುಟ್ಟಿ ಕಟ್ಟಕಡೀಕ. ನಿಮ್ಮ ಮಂದೀದೆಲ್ಲಾ ಬೀಸಿ ಆದಮ್ಯಾಲೆ ನಮ್ದು. ನಮ್ಮವ್ವ ಹಿಟ್ಟ ತರೂದರಾಗ ಹೊತ್ತ ಮುಳಗತಿತ್ತು.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ‘ಈಗ ನೋಡ್ರಿ, ಗಿರಣೀನೂ ನೀರಾಗ, ಪಾಳೀನೂ ನೀರಾಗ.’

ಏನೆಂದ ಎಂದು ಹೆಲ್ಮಿ ಕೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡದೆ ದಾಟಿಸಿದೆ. ಊರು ನಮ್ಮದೆಂದ ಮೇಲೆ ಅದೂ ನಮ್ಮದೇ. ಬೇಕಾದದ್ದನ್ನು ಮಾತ್ರ ಆರಿಸಿಕೊಂಡು ಉಡಿಯಲ್ಲಿ ಕಟ್ಟಿಕೊಳ್ಳಲು ಬರುವುದಿಲ್ಲ. ಮೂವರೂ ಆ ಕಟ್ಟೆಯ ಮೇಲೆ ಕೂತೆವು. ಬಾಳಪ್ಪ ಕಲ್ಲಂಗಡಿಯೊಂದನ್ನು ತಂದು ಕಲ್ಲಿಗೆ ಕುಕ್ಕಿ ಒಡೆದು, ಮೊದಲ ಹೋಳನ್ನು ನನ್ನ ಕೈಗಿತ್ತ. ನಾನದನ್ನು ಅವನಿಗೇ ತಿರುಗಿ ಕೊಟ್ಟೆ. ಅವನು ಕ್ಷಣಹೊತ್ತು ನನ್ನ ಮುಖ ನೋಡಿದ. ಆಮೇಲೆ ತಿನ್ನತೊಡಗಿದ. ಎರಡನೆಯದು ಹೆಲ್ಮಿಗೆ, ಮೂರನೆಯದು ನನಗೆ. ಬಿಸಿಲಿಗೆ ಕಾದು ಬೆಚ್ಚಗಾಗಿದ್ದ ಹಣ್ಣು. ಆದರೂ ಅಷ್ಟು ಸಿಹಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ. ಹೊರಡುವಾಗ ಅವನು ನನ್ನ ಫೋನ್ ನಂಬರು ಕೇಳಿ ತನ್ನ ಸಣ್ಣ ಫೋನಿನಲ್ಲಿ ಹಾಕಿಸಿಕೊಂಡ.

ತಿರುಗಿ ಬರುವಾಗ ಬೀಳಗಿಯಲ್ಲಿ ಬಸ್ಸು ಹತ್ತಿ ಕೂತೆವು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ನನ್ನ ಮನಸ್ಸು ಇನ್ನೂ ಆ ಕಟ್ಟೆಯ ಮೇಲೆಯೇ ಇತ್ತು.

‘ಹೊಳಿಹಾಳ’ ಎಂದೆ.

ಹುಡುಗ ಟಿಕೆಟ್ಟಿನ ಯಂತ್ರವನ್ನು ಒತ್ತಿ ಒತ್ತಿ ನೋಡಿದ. ‘ಆ ಸ್ಟೇಜ್ ಇದರಾಗ ಇಲ್ರೀ ಅಮ್ಮಾರ.’

‘ಇರಲಿ ಬಿಡಪ್ಪ. ನಮಗೇನ ಪುಕಟ ಐತಲ್ಲ.’

‘ಪುಕಟ ಆದ್ರೂ ಟಿಕೀಟಿನ ಮ್ಯಾಲೆ ಊರ ಹೆಸರ ಬರಬೇಕಲ್ರಿ.’

ಹಾಗಾದರೆ ಜಮಖಂಡಿ ಕೊಡು ಎಂದೆ. ನನ್ನದು ಸೊನ್ನೆಯ ಟಿಕೆಟ್ಟು, ಹೆಲ್ಮಿಯದು ಪೂರ್ತಿ ದರದ್ದು. ಅವನೇನೆಂದ ಎಂದು ಆಕೆ ಕೇಳಲಿಲ್ಲ, ಹೇಗೋ ತಿಳಿದಂತಿತ್ತು. ಜಮಖಂಡಿಯ ಗುಡ್ಡ ಕಾಣಿಸುವ ತನಕ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತಿದ್ದೆವು.

ಮುಂಗಾರಿನ ಮೊದಲ ಮೋಡಗಳು ಬರುವ ಹೊತ್ತಿಗೆ ಹೆಲ್ಮಿ ಹೊರಟಳು. ಪಾರವ್ವ ಅವಳಿಗೆ ಕೆಂಪಂಚಿನ ಸೀರೆಯೊಂದನ್ನು ಉಡಿಸಿ ಕಳಿಸಿದಳು. ಹೆಲ್ಮಿ ಅದರಲ್ಲಿ ಎಡವಿ ಎಡವಿ ಬಸ್ಸು ಹತ್ತಿದಳು. ಅಲ್ಲಿಗೆ ಹೋದ ಮೇಲೆ ಕೆಲವು ಸಲ ಫೋನಿನಲ್ಲಿ ಮಾತಾಡಿದೆವು. ಆಕೆಯ ಹಗಲು ನನ್ನ ರಾತ್ರಿ, ಮಾತು ಬರಬರುತ್ತ ವಿರಳವಾಯಿತು. ಅವಳಿದ್ದಾಗ ಕಿರಿದೆನಿಸಿದ್ದ ಮನೆ ಮೊದಲಿಗಿಂತ ದೊಡ್ಡದಾಗಿ ಕಾಣಿಸತೊಡಗಿತು. ದಿನಗಟ್ಟಲೆ ಫೋನು ಗೋಡೆಯ ಗೂಡಿನಲ್ಲಿ ಸದ್ದಿಲ್ಲದೆ ಬಿದ್ದಿರುತ್ತಿತ್ತು.

ಒಂದು ಮುಂಜಾನೆ ಅದು ಬಡಿದುಕೊಂಡಿತು. ತಿಳಿಯದ ನಂಬರು.

‘ಅಕ್ಕಾರ, ನಾ ಬಾಳಪ್ಪ. ನೀರ ಬಂತ್ರಿ.’

ಮೇಲೆ ಮಳೆಯಾಗಿ ಹೊಳೆ ತುಂಬಿದೆ ಎಂದು ಸುದ್ದಿಯಲ್ಲಿ ಕೇಳಿದ್ದೆ. ಊರು ಮುಳುಗುತ್ತಿದೆ ಎಂದು ಹೊಳೆದಿರಲಿಲ್ಲ.

‘ಹೌದಾ? ನಿಮ್ಮ ಬಳ್ಳಿ, ಕಾಯಿ?’

‘ಎಲ್ಲಾ ಕಿತಗೊಂಡೀನ್ರಿ. ಅದಲ್ಲ. ಅಗಸೀ ಬಾಗಲಾ ದಾಟಿತು. ಗೌಡರ ಕಟ್ಟಿ ಅರ್ಧ ಮುಳಗೈತಿ. ನಾಳಿ ಇಷ್ಟೊತ್ತಿಗೆ ನಿಮ್ಮ ಗಿರಣಿ ಮುಟ್ಟತೈತಿ ನೋಡ್ರಿ.’

ಫೋನಿನೊಳಗೆ ಗಾಳಿಯ ಸದ್ದು ಕೇಳಿಸುತ್ತಿತ್ತು. ದಂಡೆಯ ಮೇಲೆಯೇ ನಿಂತಿರಬೇಕು.

‘ಏನ ಕೆಲಸ ಇಲ್ರಿ, ಸುಮ್ಮ ಹಚ್ಚಿದ್ನಿ’ ಎಂದ. ‘ಪ್ರತಿ ವರ್ಸ ನಾ ಒಬ್ಬಾವನ ನಿಂತ ನೋಡತಿದ್ನಿ. ಮನ್ಯಾಗ ಹೇಳಿದ್ರ ಹುಡುಗ್ರು ಯಾವ ಅಗಸಿ, ಯಾವ ಗೌಡ ಅಂತಾರ. ಊರಾಗ ನೀರ ಬಂದ್ರ ಊರವರಿಗೆ ಹೇಳಬೇಕಲ್ರೀ ಮತ್ತ.’

ನಾನು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕೂತೆ.

‘ಹೇಳ್ರಿ ಬಾಳಪ್ಪಣ್ಣ,’ ಎಂದೆ. ‘ಅಗಸಿಯಿಂದ ಹೇಳ್ರಿ.’